ಹೆಸರನ್ನೇ ಉಲ್ಟಾ ಮಾಡಿದ ಎಂಜಿನಿಯರ್

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ಲೈಬ್ರರಿ ಕೆಲಸದ ಪ್ರೊಸೆಸ್ ಮಾಡೆಲ್ ಬರೆದಿದ್ವಿ. ಎರಡು ಭಾಗ, ಇಬ್ಬರ ಕೈಬರಹ. ಎರಡರಲ್ಲೂ ಒಂದು ಡಬ್ಬಿಯಲ್ಲಿ 'ಚೆಕ್' ಅಂತಿತ್ತು. ಒಬ್ಬರಿಗೆ ಅದು ಪುಸ್ತಕ ಹರಿದಿದೆಯಾ ಅಂತ ನೋಡೋದು, ಇನ್ನೊಬ್ಬರಿಗೆ ಫೈನ್ ಬಾಕಿ ಇದೆಯಾ ಅಂತ ನೋಡೋದು. ಜೋಡಿಸಿದ ದಿನವೇ ಡೆಮೊ ಕೆಟ್ಟಿತು. ಬಾಣಗಳೆಲ್ಲ ಸರಿಯಾಗೇ ಇದ್ವು, ಪದಕ್ಕೆ ಒಂದೇ ಅರ್ಥ ಇರಲಿಲ್ಲ ಅಷ್ಟೆ. ಇಂಥದ್ದಕ್ಕೆ ಈಗ ಮಾಡೆಲ್‌ನ ಪ್ರತಿ ಹೆಜ್ಜೆಯನ್ನೂ ಆಂಟಾಲಜಿಗೆ, ಅಂದ್ರೆ ಆ ಕ್ಷೇತ್ರದ ಪದಗಳ ಅರ್ಥ ಮತ್ತು ಸಂಬಂಧಗಳನ್ನು ಗೊತ್ತುಮಾಡಿಟ್ಟ ವ್ಯವಸ್ಥೆಗೆ, ಜೋಡಿಸ್ತಾರೆ. ಕಂಪ್ಯೂಟರ್ ಬರೋ ಮೊದಲೇ ಈ ದಾರಿಯಲ್ಲಿ ನಡೆದವರು ಫ್ರಾಂಕ್ ಗಿಲ್ಬ್ರೆತ್.

1868ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿದ ಫ್ರಾಂಕ್ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. (ಹತ್ತಿರೋ ನಾವು ಅಟೆಂಡೆನ್ಸ್ ಎಣಿಸ್ತಾ ಇದ್ದೀವಿ.) 17ನೇ ವಯಸ್ಸಿಗೆ ಬಾಸ್ಟನ್‌ನಲ್ಲಿ ಗಾರೆ ಕೆಲಸ ಕಲಿಯೋಕೆ ಸೇರಿದರು. ಅಲ್ಲಿ ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಥರ ಇಟ್ಟಿಗೆ ಇಡ್ತಿದ್ದ. ಒಬ್ಬನೇ ಮೇಸ್ತ್ರಿ ಕೂಡ ಕಲಿಸುವಾಗ ಒಂದು ಥರ, ಅವಸರದಲ್ಲಿ ಇನ್ನೊಂದು ಥರ! ಆ ಹುಡುಗನಿಗೆ ಇದು ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ತಾವೇ ಕಂಟ್ರಾಕ್ಟರ್ ಆದಾಗ, ಪ್ರತಿ ಇಟ್ಟಿಗೆಗೂ ಬಗ್ಗೋದು ತಪ್ಪಲಿ ಅಂತ ಎತ್ತರ ಹೊಂದಿಸಬಹುದಾದ ಅಟ್ಟಣೆ ಮಾಡಿದರು. ಒಳ್ಳೆ ಮುಖ ಹುಡುಕುತ್ತಾ ಇಟ್ಟಿಗೆ ತಿರುಗಿಸೋದು ಬೇಡ ಅಂತ ಮೊದಲೇ ಆರಿಸಿ ಜೋಡಿಸಿ ಇಡಿಸಿದರು. ಒಂದು ಇಟ್ಟಿಗೆಗೆ 18 ಚಲನೆ ಇದ್ದದ್ದು 5ಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡ್ತಿದ್ದ ಕಡೆ 350 ಆಯಿತು.

1904ರಲ್ಲಿ ಲಿಲಿಯನ್ ಅವರನ್ನು ಮದುವೆಯಾದರು. ಹನ್ನೆರಡು ಮಕ್ಕಳು. ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಲಿಲಿಯನ್ ಕೆಲಸದಲ್ಲೂ ಸಮಪಾಲುದಾರರು.

ಇಬ್ಬರೂ ಸೇರಿ ಕೆಲಸಗಾರರ ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ, ಕೈ ಹೋದ ದಾರಿಯನ್ನೇ ಫೋಟೊ ತೆಗೆದರು. ಕೊನೆಗೆ ಯಾವ ಕೈಕೆಲಸವಾದರೂ ಸುಮಾರು 18 ಮೂಲ ಚಲನೆಗಳಲ್ಲಿ ಹೇಳಬಹುದು ಅಂತ ಕಂಡುಕೊಂಡರು: ಹುಡುಕು, ಹಿಡಿ, ಜೋಡಿಸು, ಬಿಡು, ಹೀಗೆ. ಒಂದೊಂದಕ್ಕೂ ಒಂದು ಚಿಹ್ನೆ, ಒಂದೇ ಅರ್ಥ. ಇವುಗಳ ಹೆಸರು 'ಥರ್ಬ್ಲಿಗ್'. ಗಿಲ್ಬ್ರೆತ್ ಅಂತ ಇಂಗ್ಲಿಷಲ್ಲಿ ಬರೆದು ಹಿಂದಿನಿಂದ ಓದಿ ನೋಡಿ, ಕೊನೆಯ ಎರಡಕ್ಷರ ಮಾತ್ರ ಹಾಗೇ ಇರಲಿ!

ಎರಡೂ ಕೈಗಳ ಥರ್ಬ್ಲಿಗ್‌ಗಳನ್ನು ಕಾಲದ ಎದುರು ಗುರುತಿಸೋ ಚಾರ್ಟ್ ಕೂಡ ಅವರದ್ದೇ. ನಮಗೆ ಇಲ್ಲೇ ರೋಮಾಂಚನ ಆಗಿದ್ದು. ಚಾರ್ಟ್‌ನಲ್ಲಿ ಮನಸ್ಸಿಗೆ ಬಂದ ಪದ ಬರೆಯೋ ಹಾಗಿಲ್ಲದ ಕಾರಣ, ಮೇಸ್ತ್ರಿಯ 'ಹುಡುಕು'ವನ್ನೂ ಸರ್ಜನ್‌ನ 'ಹುಡುಕು'ವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಆಪರೇಷನ್‌ಗಳನ್ನು ಫಿಲ್ಮ್ ಮಾಡಿದ ಫ್ರಾಂಕ್, ಸರ್ಜನ್ ತಾನೇ ಉಪಕರಣ ಹುಡುಕೋದು ಬೇಡ, ನರ್ಸ್ ಕೈಗೆ ಕೊಡಲಿ ಅಂದರು.

ದುಡಿಯೋರ ಕ್ಷಣಕ್ಷಣವನ್ನೂ ಅಳೆಯೋದು ನಮಗೆ ಸ್ವಲ್ಪ ಇರಿಸುಮುರಿಸೇ. ಆದ್ರೆ ಅವರ ಪಟ್ಟಿಯಲ್ಲಿ ದಣಿವಾರಿಸಿಕೊಳ್ಳುವ ವಿಶ್ರಾಂತಿಗೂ ಒಂದು ಚಿಹ್ನೆ ಇತ್ತು.

1921ರಲ್ಲಿ ದಂಪತಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಪ್ರೊಸೆಸ್ ಚಾರ್ಟ್ ಮಂಡಿಸಿದರು. ನಾವಿವತ್ತು ಬಿಡಿಸೋ ಡಬ್ಬಿ-ಬಾಣಗಳ ಅಜ್ಜ ಅದು.

1924ರ ಜೂನ್ 14ರಂದು ಲಿಲಿಯನ್ ಜೊತೆ ಫೋನಲ್ಲಿ ಮಾತಾಡ್ತಿದ್ದಾಗಲೇ ಫ್ರಾಂಕ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 55. ಕೆಲವೇ ದಿನಗಳಲ್ಲಿ ಲಿಲಿಯನ್ ಯುರೋಪಿಗೆ ಹಡಗು ಹತ್ತಿದರು, ಗಂಡ ಮಾತಾಡಬೇಕಿದ್ದ ಸಮ್ಮೇಳನಗಳಲ್ಲಿ ತಾವೇ ಮಾತಾಡೋಕೆ.