ಅಣುಕಣಗಳ ಲೆಕ್ಕಕ್ಕೆ ಅಳತೆಗೋಲು ಕೊಟ್ಟ ಹೋಮಿ ಭಾಭಾ

ಟ್ರಾಂಬೆಯ ಪರಮಾಣು ಕೇಂದ್ರಕ್ಕೆ ಯಾರ ಹೆಸರನ್ನು ಇಟ್ಟಿದ್ದಾರೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಭಾರತದ ಪರಮಾಣು ಶಕ್ತಿಯ ಶಿಲ್ಪಿಯೆಂದು ಡಾ. ಹೋಮಿ ಜಹಾಂಗೀರ ಭಾಭಾರವರನ್ನು ದೇಶವೆಲ್ಲ ಬಲ್ಲದು. ಆದರೆ ಹೊರನಾಡುಗಳ ಪ್ರಯೋಗಶಾಲೆಗಳಲ್ಲಿ ಆ ಹೆಸರು ದಿನವೂ ಕೇಳಿಬರುವುದು ಬೇರೊಂದು ಕಾರಣದಿಂದ. ಇಪ್ಪತ್ತಾರರ ಹರೆಯದಲ್ಲಿ ಅವರು ಕಾಗದದ ಮೇಲೆ ಮಾಡಿದ ಒಂದು ಲೆಕ್ಕವು ಇಂದಿಗೂ ಅಲ್ಲಿ ಅಳತೆಗೋಲಾಗಿ ಉಳಿದಿದೆ. ಆ ಲೆಕ್ಕದ ಕಥೆಯೇ ಅವರ ಜೀವನದ ಅರ್ಧ ಕಥೆ.

ಭಾಭಾರವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಸಿರಿವಂತ ಪಾರಸಿ ಮನೆತನದಲ್ಲಿ ಜನಿಸಿದರು. ಈ ಮನೆತನಕ್ಕೂ ನಮ್ಮ ನಾಡಿಗೂ ಹಳೆಯ ನಂಟುಂಟು. ಯಾವ ಅಜ್ಜನ ಹೆಸರನ್ನು ಅವರಿಗೆ ಇಡಲಾಯಿತೋ ಆ ಹಿರಿಯ ಹೋರ್ಮಸ್‌ಜಿ ಭಾಭಾರವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರರು ಬೆಳೆದದ್ದು ಬೆಂಗಳೂರಿನಲ್ಲಿ. ಸರ್ ದೊರಾಬ್‌ಜಿ ಟಾಟಾರವರು ಹುಡುಗನಿಗೆ ಸೋದರತ್ತೆಯ ಗಂಡ.

ಇಂಥ ಮನೆಯ ಹುಡುಗನ ಮುಂದಿನ ಹಾದಿಯನ್ನು ಹಿರಿಯರು ಮೊದಲೇ ನಿಶ್ಚಯಿಸಿದ್ದರು. ಕೇಂಬ್ರಿಜ್ಜಿನಲ್ಲಿ ಇಂಜಿನಿಯರಿಂಗ್ ಕಲಿಯುವುದು, ಮರಳಿ ಬಂದು ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಾರಖಾನೆಯಲ್ಲಿ ಅಧಿಕಾರ ವಹಿಸುವುದು. 1927ರಲ್ಲಿ ಹೋಮಿ ಹಡಗು ಹತ್ತಿದ್ದು ಇದೇ ಉದ್ದೇಶದಿಂದ. ಆದರೆ ಅಲ್ಲಿ ಅವರ ಮನಸ್ಸು ಯಂತ್ರಗಳಿಂದ ಗಣಿತಕ್ಕೂ ಭೌತಶಾಸ್ತ್ರಕ್ಕೂ ಹೊರಳಿತು. ಪರಮಾಣುವಿನ ಒಡಲಿನ ಗುಟ್ಟುಗಳು ಒಂದೊಂದಾಗಿ ಬಯಲಾಗುತ್ತಿದ್ದ ಕಾಲವದು. ಡಿರಾಕ್‌ರಂಥ ಗುರುಗಳು ಅಲ್ಲಿದ್ದರು. ಉಕ್ಕಿನ ಕಾರಖಾನೆಯ ಬಾಳು ತನಗೆ ಒಗ್ಗದೆಂದು ಹೋಮಿ ತಂದೆಗೆ ಪತ್ರ ಬರೆದರು.

ತಂದೆಯವರು ಸಿಟ್ಟಾಗಲಿಲ್ಲ, ಒಂದು ಕರಾರು ಹಾಕಿದರು. ಮೊದಲು ಇಂಜಿನಿಯರಿಂಗನ್ನು ಪ್ರಥಮ ದರ್ಜೆಯಲ್ಲಿ ಮುಗಿಸಬೇಕು. ಆಮೇಲೆ ಗಣಿತ ಓದಲು ಖರ್ಚನ್ನು ತಾವೇ ಕೊಡುವರು. ಮಗನು ಕರಾರಿಗೆ ತಪ್ಪಲಿಲ್ಲ. 1930ರಲ್ಲಿ ಇಂಜಿನಿಯರಿಂಗಿನಲ್ಲಿ ಪ್ರಥಮ ದರ್ಜೆ, 1932ರಲ್ಲಿ ಗಣಿತದಲ್ಲಿಯೂ ಪ್ರಥಮ ದರ್ಜೆ. ಮನೆಯವರ ಋಣವನ್ನು ತೀರಿಸಿಯೇ ಅವರು ತಮ್ಮ ಹಾದಿಯನ್ನು ಹಿಡಿದರು.

ಇಲೆಕ್ಟ್ರಾನ್ ಎಂಬ ಕಣವನ್ನು ಓದುಗರು ಕೇಳಿರಬಹುದು. ತಂತಿಯಲ್ಲಿ ವಿದ್ಯುತ್ತಾಗಿ ಹರಿಯುವುದು ಅದೇ. ಅದರ ತದ್ರೂಪಾಗಿದ್ದು ವಿರುದ್ಧ ವಿದ್ಯುದಂಶವುಳ್ಳ ಪಾಸಿಟ್ರಾನ್ ಎಂಬ ಕಣ 1932ರಲ್ಲಿ ಕಂಡುಬಂತು. ಈ ಎರಡೂ ಎದುರಾದಾಗ ಒಂದನ್ನೊಂದು ಎಷ್ಟು ಸಾರಿ, ಯಾವ ಕೋನದಲ್ಲಿ ಚದರಿಸುತ್ತವೆ ಎಂಬುದನ್ನು ಭಾಭಾರವರು ಲೆಕ್ಕ ಹಾಕಿ 1936ರಲ್ಲಿ ಪ್ರಕಟಿಸಿದರು. ಜಗತ್ತು ಇದನ್ನು ‘ಭಾಭಾ ಚದರಿಕೆ’ ಎಂದು ಕರೆಯುತ್ತದೆ. ಮರುವರ್ಷ ಹೈಟ್ಲರ್ ಎಂಬ ವಿಜ್ಞಾನಿಯೊಡನೆ ಸೇರಿ, ಆಕಾಶದಿಂದ ಬರುವ ವಿಶ್ವಕಿರಣದ ಒಂದೇ ಕಣ ಹೇಗೆ ನೂರಾರು ಕಣಗಳ ಮಳೆಯಾಗಿ ಸುರಿಯುತ್ತದೆಂಬುದನ್ನು ವಿವರಿಸಿದರು.

1938ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಅವರು ಎತ್ತಿ ತೋರಿದರು. ಕೆಲವು ಕಣಗಳು ಹುಟ್ಟಿದ ಕ್ಷಣಾರ್ಧದಲ್ಲಿಯೇ ತಾವಾಗಿ ಒಡೆದು ಬೇರೆ ಕಣಗಳಾಗುತ್ತವೆ. ಇದಕ್ಕೆ ವಿಘಟನೆಯೆಂದು ಹೆಸರು. ಐನ್‌ಸ್ಟೈನರ ಸಿದ್ಧಾಂತದಂತೆ ವೇಗವಾಗಿ ಓಡುವ ವಸ್ತುವಿನ ಗಡಿಯಾರ ನಿಧಾನವಾಗುತ್ತದೆ. ಹಾಗಿದ್ದರೆ ಬೆಳಕಿನ ವೇಗದ ಸನಿಹದಲ್ಲಿ ಓಡುವ ಕಣವು ನಮ್ಮ ಲೆಕ್ಕದಲ್ಲಿ ಹೆಚ್ಚು ಕಾಲ ಬಾಳಬೇಕು. ಕಣದ ವಿಘಟನೆಯೇ ಒಂದು ಗಡಿಯಾರ ಎಂದು ಭಾಭಾರವರು ತಿಳಿಸಿದರು. ಅಮೇರಿಕದ ಕೊಲೊರಾಡೋ ಪರ್ವತಪ್ರದೇಶದಲ್ಲಿ ನಡೆದು 1941ರಲ್ಲಿ ಪ್ರಕಟವಾದ ಪ್ರಯೋಗವು ಇದು ನಿಜವೆಂದು ತೋರಿಸಿತು. ಇಂದು ಮ್ಯೂಆನ್ ಎನಿಸಿಕೊಳ್ಳುವ ಕಣದ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 2 ಭಾಗ. ಅಷ್ಟರಲ್ಲಿ ಬೆಳಕಾದರೂ 700 ಮೀಟರಿನಷ್ಟು ಸಾಗಲಾರದು. ಆದರೂ ಹಲವು ಕಿಲೋಮೀಟರು ಮೇಲೆ ಹುಟ್ಟಿದ ಮ್ಯೂಆನ್‌ಗಳು ನೆಲದವರೆಗೆ ಬಂದು ತಲಪುತ್ತವೆ. ಓಟವೇ ಅವುಗಳ ಆಯುಸ್ಸನ್ನು ಹೆಚ್ಚಿಸುತ್ತದೆ.

1939ರಲ್ಲಿ ಭಾಭಾರವರು ರಜೆಗೆಂದು ಮನೆಗೆ ಬಂದಿದ್ದಾಗ ಮಹಾಯುದ್ಧ ಆರಂಭವಾಯಿತು. ಮರಳಿ ಹೋಗಲಾಗಲಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್‌ರವರ ವಿಭಾಗದಲ್ಲಿ ರೀಡರ್ ಆಗಿ ಸೇರಿ, ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಆಗ ಅವರ ವಯಸ್ಸು 31. ಯುದ್ಧ ಮುಗಿದೊಡನೆ ಯುರೋಪಿಗೆ ಹೋಗಿದ್ದರೆ ಅಲ್ಲಿ ಮಾನಮರ್ಯಾದೆಗಳಿಗೆ ಕೊರತೆಯಿರಲಿಲ್ಲ. ಆದರೆ ಬೆಂಗಳೂರಿನ ಆ ವರ್ಷಗಳಲ್ಲಿ ಅವರ ಮನಸ್ಸು ಮಾಗಿತು. ಒಳ್ಳೆಯ ಸಂಸ್ಥೆಯಿಲ್ಲವೆಂದು ಹೊರದೇಶಕ್ಕೆ ಹೋಗುವುದಕ್ಕಿಂತ, ಇಲ್ಲಿಯೇ ಒಂದನ್ನು ಕಟ್ಟುವುದು ಕರ್ತವ್ಯವೆಂದು ಅವರಿಗೆ ತೋರಿತು. 1944ರ ಮಾರ್ಚ್‌ನಲ್ಲಿ ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ನೆರವು ಕೋರಿದರು.

ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಅದೇ ವರ್ಷದ ಕೊನೆಗೆ ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೂ, 1949ರಲ್ಲಿ ಗೇಟ್‌ವೇ ಆಫ್ ಇಂಡಿಯಾದ ಬಳಿಯ ಹಳೆಯ ಯಾಟ್ ಕ್ಲಬ್ಬಿಗೂ ಬಂದು, ಕಡೆಗೆ ಕೊಲಾಬಾದ ಕಡಲಂಚಿನಲ್ಲಿ ನೆಲೆನಿಂತಿತು. ಅಲ್ಲಿಯ ಭವನವನ್ನು 1962ರ ಜನವರಿಯಲ್ಲಿ ಪಂಡಿತ ನೆಹರೂರವರು ಉದ್ಘಾಟಿಸಿದರು. ಇಷ್ಟರಲ್ಲಿ 1948ರಿಂದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯೂ ಭಾಭಾರವರ ಹೆಗಲೇರಿತ್ತು. 1956ರಲ್ಲಿ ಟ್ರಾಂಬೆಯಲ್ಲಿ ‘ಅಪ್ಸರಾ’ ಸ್ಥಾವರ ಚಾಲನೆಗೊಂಡಿತು. ಇದಕ್ಕೆಲ್ಲ ಅವರು ತೆತ್ತ ಬೆಲೆ ಸಣ್ಣದಲ್ಲ. ಯಾವ ಲೆಕ್ಕಗಳಿಗಾಗಿ ಉಕ್ಕಿನ ಕಾರಖಾನೆಯನ್ನು ಬಿಟ್ಟಿದ್ದರೋ ಆ ಲೆಕ್ಕಗಳಿಗೆ ಕ್ರಮೇಣ ಬಿಡುವೇ ಉಳಿಯಲಿಲ್ಲ.

ಅವರು ನೆಟ್ಟ ಬೀಜ ಮಾತ್ರ ಫಲ ಕೊಟ್ಟಿತು. ಅವರ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗೆ ಇಳಿದರು. ಅವರಲ್ಲಿ ನಂಜನಗೂಡಿನ ಬಿ. ವಿ. ಶ್ರೀಕಂಠನ್‌ರವರು ಮುಖ್ಯರು. ನೆಲದಡಿ 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ದೊರೆಯಿತು. ಪ್ರೋಟಾನ್ ಕೂಡ ಎಂದಾದರೂ ವಿಘಟಿಸುವುದೇ ಎಂದು 1980ರ ದಶಕದಲ್ಲಿ ಅದೇ ಗಣಿಯಲ್ಲಿ ಕಾದು ನೋಡಲಾಯಿತು. ಆ ವಿಘಟನೆ ಜಗತ್ತಿನಲ್ಲಿ ಎಲ್ಲಿಯೂ ಇನ್ನೂ ಸಿದ್ಧಪಟ್ಟಿಲ್ಲ.

1966ರ ಜನವರಿ 24ರಂದು ಭಾಭಾರವರು ವಿಯೆನ್ನಾದ ಸಭೆಗೆಂದು ಹೊರಟಿದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನವು ಜಿನೀವಾದಲ್ಲಿ ಇಳಿಯುವ ಮುನ್ನ ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾರವರಿಗೆ ಆಗ 56 ವರ್ಷ.

ಅದೇ ಜಿನೀವಾದ ಹೊರವಲಯದಲ್ಲಿ, ನೆಲದ ಕೆಳಗೆ, 27 ಕಿಲೋಮೀಟರು ಸುತ್ತಳತೆಯ ಒಂದು ಯಂತ್ರ 1989ರಲ್ಲಿ ಕೆಲಸ ಆರಂಭಿಸಿತು. ಇಲೆಕ್ಟ್ರಾನ್‌ಗಳನ್ನೂ ಪಾಸಿಟ್ರಾನ್‌ಗಳನ್ನೂ ಎದುರುಬದುರಾಗಿ ಓಡಿಸಿ ಢಿಕ್ಕಿ ಹೊಡೆಸುವ ಯಂತ್ರವದು. ಢಿಕ್ಕಿಯಲ್ಲಿ ‘ಝೆಡ್’ ಎಂಬ ಭಾರವಾದ ಕಣ ಹುಟ್ಟಿ, ಹುಟ್ಟಿದಲ್ಲಿಯೇ ವಿಘಟಿಸುತ್ತದೆ. ತಾಯಿಯನ್ನು ಯಾರೂ ಕಾಣರು. ಚದರಿದ ಮಕ್ಕಳನ್ನು ಎಣಿಸಿ ತಾಯಿಯ ಗುಣವನ್ನು ತಿಳಿಯಬೇಕು. ಆದರೆ ಒಟ್ಟು ಎಷ್ಟು ಢಿಕ್ಕಿಗೆ ಅವಕಾಶವಿತ್ತೆಂದು ಗೊತ್ತಿಲ್ಲದಿದ್ದರೆ ಈ ಎಣಿಕೆಗೆ ಅರ್ಥವಿಲ್ಲ.

ಇಲ್ಲಿ ಹೋಟೆಲಿನ ಉದಾಹರಣೆ ಸಾಕು. ಗದ್ದಲದಲ್ಲಿ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಎಣಿಸಲಾಗದು. ಆದರೆ ನೂರು ಮಂದಿಯಲ್ಲಿ ಇಷ್ಟು ಮಂದಿ ಕಾಫಿ ಕುಡಿಯುವುದು ಖಂಡಿತವೆಂದು ಗೊತ್ತಿದ್ದರೆ, ಕಾಫಿಯ ಲೋಟಗಳನ್ನು ಎಣಿಸಿ ಬಂದವರೆಷ್ಟೆಂದು ಹೇಳಬಹುದು. ಮಸಾಲೆದೋಸೆ ತಿಂದವರ ಪಾಲು ಎಷ್ಟೆಂಬುದು ಆಮೇಲೆ ಸುಲಭ. ಜಿನೀವಾದಲ್ಲಿ ಈ ಕಾಫಿ ಲೋಟದ ಕೆಲಸ ಮಾಡಿದ್ದು ಭಾಭಾ ಚದರಿಕೆ. ತುಸುವೇ ಬಾಗಿ ಸರಿದುಹೋಗುವ ಇಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನು ಎಣಿಸಿದರು; 1936ರ ಸೂತ್ರವನ್ನು ಇನ್ನೂ ಸೂಕ್ಷ್ಮಗೊಳಿಸಿ ಒಟ್ಟನ್ನು ತಿಳಿದರು.

ಗುಮಾಸ್ತನು ಖಾತೆಯ ತಾಳೆ ನೋಡುವಂತೆ ಅವರು ಝೆಡ್ ವಿಘಟನೆಗಳ ತಾಳೆ ನೋಡಿದರು. ಕಂಡ ಬಾಬ್ತುಗಳನ್ನು ಕಳೆದಾಗ ಉಳಿದದ್ದು ಕಣ್ಣಿಗೆ ಬೀಳದ ನ್ಯೂಟ್ರಿನೋಗಳ ಪಾಲು. ಅಂಥ ಹಗುರ ನ್ಯೂಟ್ರಿನೋಗಳಲ್ಲಿ ಮೂರೇ ಬಗೆಯಿವೆಯೆಂದು ಹೀಗೆ ಗೊತ್ತಾಯಿತು. ಕೊನೆಯ ಲೆಕ್ಕ 2.984 ಎಂದು ಬಂದು, ಮೂರಕ್ಕೆ ಕೊಂಚ ಕಡಮೆಯಾಯಿತು. ಯಂತ್ರ ನಿಂತು ಇಪ್ಪತ್ತು ವರ್ಷಗಳ ಮೇಲೆ, 2020ರ ಹೊತ್ತಿಗೆ, ಭಾಭಾ ಎಣಿಕೆಯಲ್ಲಿ ಉಳಿದಿದ್ದ ಸಣ್ಣ ದೋಷವನ್ನು ತಿದ್ದಿದಾಗ ಅದು 2.996 ಆಯಿತು. ತಪ್ಪಿದ್ದುದು ಪ್ರಕೃತಿಯಲ್ಲಲ್ಲ, ಅಳತೆಯಲ್ಲಿ. ಜಪಾನಿನ ತ್ಸುಕುಬಾದ ಯಂತ್ರದಲ್ಲಿ ಇಂದಿಗೂ ಇದೇ ಚದರಿಕೆಯಿಂದ ಢಿಕ್ಕಿಗಳ ಲೆಕ್ಕವಿಡುತ್ತಾರೆ.

ಭಾಭಾರವರು ಕಟ್ಟಿದ ಭವನಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ತಂದೆಯ ಕರಾರನ್ನು ಪೂರೈಸಿ ಬಂದ ತರುಣನ ಆ ಲೆಕ್ಕ ಯಾರ ಕಣ್ಣಿಗೂ ಬೀಳದು. ಅದನ್ನು ಬರೆದಾಗ ಇಂಥ ಯಂತ್ರ ಯಾರ ಕನಸಿನಲ್ಲಿಯೂ ಇರಲಿಲ್ಲ. ಇಂದು ಯಾವ ಖಾತೆಯನ್ನು ತೆರೆದರೂ ಮೊದಲ ಸಾಲಿನಲ್ಲಿ ಅದೇ ಇದೆ. ಉಪಯೋಗವೇನೆಂದು ಕೇಳದೆ ಚೊಕ್ಕಟವಾಗಿ ಮಾಡಿದ ಲೆಕ್ಕವು ಮಾಡಿದವನ ಕಾಲದ ಮೇಲೆಯೂ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಅವರ ಬಾಳೇ ಸಾಕ್ಷಿ.