ಹೋವರ್ಡ್ ಫ್ಲೋರಿ

ಪೆನಿಸಿಲಿನ್ ಎಂದೊಡನೆ ವಿದ್ಯಾರ್ಥಿಗಳು ಅಲೆಗ್ಸಾಂಡರ್ ಫ್ಲೆಮಿಂಗರ ಹೆಸರನ್ನು ಹೇಳುವರು. ಅದು ಸರಿಯೇ, 1928ರಲ್ಲಿ ಆ ಬೂಷ್ಟಿನ ಗುಣವನ್ನು ಗುರುತಿಸಿದವರು ಅವರು. ಆದರೆ ರೋಗ ತಗುಲಿದ ಪ್ರಾಣಿಗೆ ಅದನ್ನು ಕೊಟ್ಟು ಅವರು ಪರೀಕ್ಷಿಸಲಿಲ್ಲ. ಆ ಪರೀಕ್ಷೆಯನ್ನು ನಡೆಸಿ ಬೂಷ್ಟನ್ನು ಔಷಧವಾಗಿಸಿದ ಮಹನೀಯರು ಹೋವರ್ಡ್ ಫ್ಲೋರಿ.

ಫ್ಲೋರಿಯವರು 1898ರ ಸೆಪ್ಟೆಂಬರ್ 24ರಂದು ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಜನಿಸಿದರು. ವೈದ್ಯಶಾಸ್ತ್ರವನ್ನು ಓದಿ, ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದರು. 1935ರಲ್ಲಿ ಆಕ್ಸ್‌ಫರ್ಡಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು.

ನಮ್ಮ ಚರ್ಮದಲ್ಲಿ, ಮೂಗು ಗಂಟಲುಗಳಲ್ಲಿ ಕೆಲವು ರೋಗಾಣುಗಳು ಸಾಧುಗಳಂತೆ ವಾಸವಾಗಿರುತ್ತವೆ. ಗಾಯವಾಯಿತೋ, ದೇಹಬಲ ಕುಗ್ಗಿತೋ, ಒಳನುಗ್ಗಿ ರಕ್ತವನ್ನು ನಂಜಾಗಿಸುತ್ತವೆ. ಈ ಸಮಯಸಾಧಕರನ್ನು ಅಡಗಿಸುವ ಮದ್ದು ಅಂದು ವಿರಳವಾಗಿತ್ತು.

1940ರ ಮೇ 25ರಂದು ಫ್ಲೋರಿಯವರು ಎಂಟು ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವನ್ನು ಚುಚ್ಚಿದರು. ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಸಹಾಯಕ ನಾರ್ಮನ್ ಹೀಟ್ಲಿ ರಾತ್ರಿ ಬಹಳ ಹೊತ್ತು ಕಾದು ಕುಳಿತರು. ಬೆಳಗಾಗುವ ಮುನ್ನವೇ ಔಷಧವಿಲ್ಲದ ನಾಲ್ಕೂ ಸತ್ತವು. ಔಷಧ ಪಡೆದ ನಾಲ್ಕೂ ಜೀವದಿಂದಿದ್ದವು. ಆ ಮೂಕಜೀವಿಗಳ ಸಂಕಟವನ್ನು ನೆನೆದರೆ ಮನಸ್ಸು ನೋಯುತ್ತದೆ. ಆದರೂ ಆ ನಾಲ್ಕು ಸಾಯದಿದ್ದರೆ, ಉಳಿದವನ್ನು ಕಾಪಾಡಿದ್ದು ಔಷಧವೇ ಎಂದು ಹೇಳುವುದು ಹೇಗೆ?

ಇನ್ನು ಮನುಷ್ಯನ ಸರದಿ. ಮನುಷ್ಯನ ತೂಕವಾದರೋ ಇಲಿಯ ತೂಕದ ಸುಮಾರು 3,000 ಪಟ್ಟು! ಯುದ್ಧಕಾಲದ ಅಭಾವದಲ್ಲಿ ಫ್ಲೋರಿಯವರ ತಂಡ ಆಸ್ಪತ್ರೆಯ ಮಲಪಾತ್ರೆಗಳಲ್ಲಿಯೂ ಬೂಷ್ಟನ್ನು ಬೆಳೆಸಿತು. ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವರಿಗೆ ಮುಖದ ಗಾಯವೊಂದರಿಂದ ಮೈಯೆಲ್ಲ ನಂಜೇರಿತ್ತು. 1941ರ ಫೆಬ್ರುವರಿ 12ರಂದು ಅವರಿಗೆ ಪೆನಿಸಿಲಿನ್ ಕೊಡಲಾರಂಭಿಸಿದರು. ಜ್ವರ ಇಳಿಯಿತು, ಊಟ ಸೇರಿತು. ಆದರೆ ಔಷಧ ಮುಗಿಯುತ್ತ ಬಂತು. ಮೂತ್ರದಿಂದ ಅದನ್ನೇ ಮರಳಿ ತೆಗೆದು ಕೊಟ್ಟರೂ ಸಾಲದೆ, ಮಾರ್ಚ್ 15ರಂದು ಅವರು ತೀರಿಕೊಂಡರು.

ಫ್ಲೋರಿಯವರು ಕೈಚೆಲ್ಲಲಿಲ್ಲ. ಅದೇ ವರ್ಷ ಹೀಟ್ಲಿಯವರೊಡನೆ ಅಮೆರಿಕಕ್ಕೆ ಹೋಗಿ, ಹೇರಳವಾಗಿ ತಯಾರಿಸುವ ದಾರಿಯನ್ನು ಹುಡುಕಿದರು. 1945ರಲ್ಲಿ ಫ್ಲೆಮಿಂಗ್ ಮತ್ತು ಅರ್ನ್‌ಸ್ಟ್ ಚೈನ್ ಅವರೊಂದಿಗೆ ನೊಬೆಲ್ ಬಹುಮಾನ ಪಡೆದರು.

ಮಗರಪಟ್ಟಾದ ನಮಗೆ ಪಿಂಪರಿ ದೂರವೇನಲ್ಲ. 1954ರಲ್ಲಿ ಭಾರತ ಸರ್ಕಾರವು ಹಿಂದೂಸ್ತಾನ್ ಆ್ಯಂಟಿಬಯೊಟಿಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ, ಪೆನಿಸಿಲಿನ್ ತಯಾರಿಕೆಗೆ ತೊಡಗಿದ್ದು ಅಲ್ಲಿಯೇ. ಕನ್ನಡಿಗರಾದ ಎಂ. ಜೆ. ತಿರುಮಲಾಚಾರ್ ಅವರು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಕಂಡುಹಿಡಿದದ್ದೂ ಅಲ್ಲಿಯೇ.

ಫ್ಲೋರಿಯವರು 1968ರ ಫೆಬ್ರುವರಿ 21ರಂದು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಆ ವೇಳೆಗೆ ಅವರ ಔಷಧವು ಹಳ್ಳಿಯ ದವಾಖಾನೆಗಳಲ್ಲಿಯೂ ದೊರೆಯುತ್ತಿತ್ತು.