ನಾಳೆಗೆ ತಾರೀಕು ಬರೆದಿಟ್ಟ ಸನ್ಯಾಸಿ

ಪ್ರತಿಭಟನೆಗಳಲ್ಲಿ ನಾಳೆ ನಮ್ಮದೇ ಅಂತ ಕೂಗುವಾಗೆಲ್ಲ ನನಗೆ ಇಟಲಿಯ ಒಬ್ಬ ಸನ್ಯಾಸಿ ನೆನಪಾಗ್ತಾನೆ. ಹೆಸರು ಫಿಯೋರೆಯ ಜೋಕಿಮ್. ತೀರಿಕೊಂಡು ಎಂಟು ಶತಮಾನ ಕಳೆದಿದೆ. ಇತಿಹಾಸ ಒಳಿತಿನ ಕಡೆಗೇ ಸಾಗುತ್ತೆ ಅಂತ ನಾವು ಸಲೀಸಾಗಿ ನಂಬ್ತೀವಲ್ಲ, ಆ ನಂಬಿಕೆಯ ಹಳೆಯ ಬೇರುಗಳಲ್ಲೊಂದು ಆತನಲ್ಲಿದೆ.

ಜೋಕಿಮ್ ಹುಟ್ಟಿದ್ದು 1135ರ ಸುಮಾರಿಗೆ, ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ. ಅಪ್ಪ ನೋಟರಿ. ಮಗನೂ ಸಿಸಿಲಿಯ ರಾಜರ ಕಚೇರಿ ಸೇರಿದ. ಕ್ರಿಸ್ತನ ನಾಡಿಗೆ ಯಾತ್ರೆ ಹೋಗಿಬಂದ ಮೇಲೆ ನೌಕರಿ ರುಚಿಸಲಿಲ್ಲ. ಸನ್ಯಾಸಿಯಾದ, ಕೊರಾಜ್ಜೊ ಮಠದ ಅಧಿಪತಿಯೂ ಆದ. ಆದರೆ ಆತನಿಗೆ ಬೇಕಿದ್ದದ್ದು ಆಡಳಿತವಲ್ಲ, ಬೈಬಲ್. ಕೊನೆಗೆ ಅದನ್ನೂ ಬಿಟ್ಟು ಸೀಲಾ ಬೆಟ್ಟಗಳ ನಡುವೆ ತನ್ನದೇ ಮಠ ಕಟ್ಟಿದ. 1196ರಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟರು.

ಅಲ್ಲಿವರೆಗೆ ಚರ್ಚು ನೆಚ್ಚಿಕೊಂಡಿದ್ದು ಐದನೇ ಶತಮಾನದ ಸಂತ ಅಗಸ್ಟೀನನನ್ನು. ಕ್ರಿಸ್ತ ಬಂದಾಯ್ತು, ಜಗತ್ತು ಕೊನೆಯ ಯುಗದಲ್ಲಿದೆ. ಪ್ರಕಟನೆ ಗ್ರಂಥ ಹೇಳುವ ಸಾವಿರ ವರ್ಷದ ರಾಜ್ಯ ಎಂದರೆ ಈಗಿರುವ ಚರ್ಚಿನ ಕಾಲವೇ. ಅಂದರೆ ಭೂಮಿಯ ಮೇಲೆ ಇನ್ನು ಹೊಸದೇನೂ ಬಾಕಿಯಿಲ್ಲ. ಅಧಿಕಾರದಲ್ಲಿರುವವರಿಗೆ ಇದಕ್ಕಿಂತ ಅನುಕೂಲದ ಇತಿಹಾಸ ಬೇಕಾ?

ಜೋಕಿಮ್ ಇದನ್ನೇ ಅಲುಗಾಡಿಸಿದ. ಪಿತನ ಯುಗ ಕಟ್ಟಳೆಯದು, ಸುತನ ಯುಗ ಪಾದ್ರಿಗಳದು, ಮುಂದೆ ಬರಲಿರುವ ಪವಿತ್ರಾತ್ಮನ ಯುಗ ಸ್ವಾತಂತ್ರ್ಯದ್ದು, ಧ್ಯಾನದ್ದು. ನಮ್ಮ ಪುರಾಣದ ಯುಗಗಳು ಇಳಿಯುತ್ತ ಕಲಿಯುಗಕ್ಕೆ ಬಂದು ನಿಲ್ಲುತ್ತವೆ. ಈತನವು ಏರುತ್ತ ಹೋಗುತ್ತವೆ. ನಡುವೆ ಕ್ರಿಸ್ತವಿರೋಧಿಯ ಕಾಟವಿದೆ, ಆದರೆ ಅದರಾಚೆಗೂ ಈ ಭೂಮಿಯ ಮೇಲೇ ಒಂದು ಒಳ್ಳೆಯ ಕಾಲವಿದೆ.

ತೊಂದರೆ ಶುರುವಾಗಿದ್ದು ಲೆಕ್ಕದಿಂದ. ಅಬ್ರಹಾಮನಿಂದ ಕ್ರಿಸ್ತನವರೆಗೆ 42 ತಲೆಮಾರು; ಕ್ರಿಸ್ತನ ನಂತರವೂ ಅಷ್ಟೇ. ತಲೆಮಾರಿಗೆ 30 ವರ್ಷದಂತೆ ಒಟ್ಟು 1260. ಕೊನೆಯ ತಲೆಮಾರುಗಳ ವಿಷಯದಲ್ಲಿ ಜೋಕಿಮ್ ಎಚ್ಚರದಿಂದಲೇ ಮಾತಾಡಿದ. 1202ರಲ್ಲಿ ಆತ ತೀರಿಕೊಂಡ ಮೇಲೆ ಬಂದವರಿಗೆ ಆ ಎಚ್ಚರ ಇರಲಿಲ್ಲ.

ಬಡತನದ ವ್ರತ ತೊಟ್ಟ ಫ್ರಾನ್ಸಿಸ್ಕನ್ನರಲ್ಲಿ ಕೆಲವರು, ಬರಲಿರುವ ಯುಗದ ಸನ್ಯಾಸಿಗಳು ತಾವೇ ಅಂದುಕೊಂಡರು. 1254ರಲ್ಲಿ ಗೆರಾರ್ಡೊ ಎಂಬಾತ ಪ್ಯಾರಿಸ್ಸಿನಲ್ಲಿ, ಜೋಕಿಮನ ಪುಸ್ತಕಗಳೇ ಹೊಸ ಶಾಸ್ತ್ರ ಎಂದ. ಮರುವರ್ಷ ಚರ್ಚು ಅವನ ಬರಹವನ್ನು ಖಂಡಿಸಿತು. ಅವನ ಉಳಿದ ಬದುಕು ಸೆರೆಯಲ್ಲೇ ಕಳೆಯಿತು. 1260 ಬಂತು. ಪೆರುಜಿಯಾದಿಂದ ಶುರುವಾಗಿ ಊರೂರಲ್ಲಿ ಜನ ತಮಗೆ ತಾವೇ ಚಾಟಿ ಬೀಸಿಕೊಳ್ಳುತ್ತ ಮೆರವಣಿಗೆ ಹೊರಟರು. ವರ್ಷ ಮುಗಿಯಿತು. ಪೋಪ್ ಇದ್ದಲ್ಲೇ ಇದ್ದರು, ರಾಜರೂ ಇದ್ದಲ್ಲೇ ಇದ್ದರು. ಜೋಕಿಮನನ್ನು ಗಾಢವಾಗಿ ನಂಬಿದ್ದ ಸಲಿಂಬೆನೆ ಎಂಬ ಸನ್ಯಾಸಿ ಕೈಚೆಲ್ಲಿದ.

ನನ್ನನ್ನು ಕಾಡೋದು ಈ ಸಲಿಂಬೆನೆಯೇ. ಯಾಕಂದ್ರೆ ಅವನಂಥವರನ್ನು ನಾನು ನೋಡಿದೀನಿ. ಒಂದು ಚುನಾವಣೆ, ಒಂದು ತೀರ್ಪು, ಒಂದು ಚಳವಳಿಗೆ ಗಡುವು ಕಟ್ಟಿಕೊಂಡು, ಅದು ದಾಟಿದ ಮರುದಿನವೇ ಮನೆ ಸೇರಿದ ಗೆಳೆಯರು. ಒಮ್ಮೆ ನಾನೂ ಹಾಗೆ ಮನೆ ಸೇರಿದ್ದೆ.

ಈಗಿರುವುದೇ ಕೊನೆಯಲ್ಲ ಅಂತ ಹೇಳಿಕೊಟ್ಟ ಜೋಕಿಮ್ ನಮಗೆ ಬೇಕು. ಕ್ಯಾಲೆಂಡರ್ ಹಿಡಿದ ಅವನ ಶಿಷ್ಯರು ಬೇಡ. ನಾಳೆ ತಾನಾಗಿ ಬರುತ್ತೆ ಅಂತ ಕಾದರೆ, ಬಾರದ ದಿನ ನಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಕಟ್ಟುತ್ತ ಇದ್ದರೆ, ಕಟ್ಟಿದಷ್ಟಾದರೂ ಉಳಿಯುತ್ತೆ.